ಕಾರ್ಯಸ್ಥಳದಲ್ಲಿ ನಿಸ್ತಂತು ಅಂತರಜಾಲ ದೂರವಾಣಿ

ನಿಸ್ತಂತು ಅಂತರಜಾಲ ದೂರವಾಣಿಯು ಮನುಷ್ಯನ ಧ್ವನಿಯನ್ನು ಅಂಕೀಯ ರೂಪಕ್ಕೆ ಪರಿವರ್ತಿಸಿ, ಅದನ್ನು ವೈ-ಫೈ ಜಾಲದ ಮೂಲಕ ಸಾಗಿಸುವ ದೂರವಾಣಿ ವ್ಯವಸ್ಥೆಯಾಗಿದೆ. ಆಸ್ಪತ್ರೆ, ಉಗ್ರಾಣ, ಹೋಟೆಲು, ಕಾರ್ಖಾನೆ, ವಿದ್ಯಾಸಂಸ್ಥೆ ಮೊದಲಾದ ಕಡೆಗಳಲ್ಲಿ ಒಂದೇ ಮೇಜಿನ ಬಳಿ ಕುಳಿತಿರದೆ ಓಡಾಡುತ್ತ ಕೆಲಸ ಮಾಡುವ ಸಿಬ್ಬಂದಿಗೆ ಇದು ಹೆಚ್ಚು ಉಪಯುಕ್ತ. ಕಟ್ಟಡದಲ್ಲಿ ಗಣಕಯಂತ್ರಗಳಿಗಾಗಿ ಈಗಾಗಲೇ ಇರುವ ವೈ-ಫೈ ಜಾಲವನ್ನೇ ದೂರವಾಣಿಗೂ ಬಳಸಬಹುದಾದ್ದರಿಂದ, ಪ್ರತಿಯೊಂದು ಉಪಕರಣಕ್ಕೂ ಪ್ರತ್ಯೇಕ ತಂತಿ ಎಳೆಯಬೇಕಾಗಿಲ್ಲ. ಆದರೆ ಕಡತಗಳನ್ನೂ ಮಿಂಚಂಚೆಯನ್ನೂ ಸಮರ್ಪಕವಾಗಿ ಸಾಗಿಸುವ ಜಾಲವು ಧ್ವನಿಯನ್ನೂ ಹಾಗೆಯೇ ಸಾಗಿಸುತ್ತದೆ ಎಂದು ಹೇಳಲಾಗದು. ತಡವಾಗಿ ಬಂದ ಮಿಂಚಂಚೆ ಉಪಯೋಗಕ್ಕೆ ಬರುತ್ತದೆ. ತಡವಾಗಿ ಬಂದ ಮಾತಿನ ತುಣುಕು ಉಪಯೋಗಕ್ಕೆ ಬಾರದು. ಈ ಕಾರಣದಿಂದ ಉಪಕರಣಗಳನ್ನು ಕೊಳ್ಳುವ ಮೊದಲು ಜಾಲವನ್ನು ಧ್ವನಿಗೆ ತಕ್ಕಂತೆ ಸಿದ್ಧಪಡಿಸುವುದು, ವಿದ್ಯುತ್ ನಿಂತಾಗಲೂ ತುರ್ತು ಕರೆ ಹೋಗುವಂತೆ ನೋಡಿಕೊಳ್ಳುವುದು ಈ ವ್ಯವಸ್ಥೆಯ ಸ್ಥಾಪನೆಯಲ್ಲಿ ಮುಖ್ಯವಾದ ಎರಡು ಸಂಗತಿಗಳಾಗಿವೆ.

ಹೆಸರು ಮತ್ತು ವ್ಯಾಪ್ತಿ

ಅಂತರಜಾಲದ ನಿಯಮಾವಳಿಯ ಮೂಲಕ ಧ್ವನಿಯನ್ನು ಸಾಗಿಸುವ ವಿಧಾನಕ್ಕೆ ‘ವಾಯ್ಸ್ ಓವರ್ ಐಪಿ’ ಅಥವಾ ಸಂಕ್ಷೇಪವಾಗಿ ‘ವಿಒಐಪಿ’ ಎಂಬ ಹೆಸರಿದೆ. ಅದೇ ವಿಧಾನವನ್ನು ಕಟ್ಟಡದೊಳಗಿನ ನಿಸ್ತಂತು ಜಾಲದ ಮೇಲೆ ಬಳಸುವುದು ಈ ಲೇಖನದ ವಿಷಯ. ಮೊಬೈಲ್ ಕಂಪನಿಗಳು ತಮ್ಮ ಗ್ರಾಹಕರಿಗೆ ನೀಡುವ ‘ವೈ-ಫೈ ಕಾಲಿಂಗ್’ ಸೇವೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಸಂಖ್ಯೆಯೂ ನಿಯಂತ್ರಣವೂ ಮೊಬೈಲ್ ಕಂಪನಿಯದ್ದು. ಇಲ್ಲಿ ಅವೆರಡೂ ಕಚೇರಿಯ ಸ್ವಂತ ದೂರವಾಣಿ ವಿನಿಮಯ ವ್ಯವಸ್ಥೆಯ ಅಧೀನದಲ್ಲಿರುತ್ತವೆ.

ಇತಿಹಾಸ

ಧ್ವನಿಯನ್ನು ಗಣಕಜಾಲದಲ್ಲಿ ಕಳುಹಿಸುವ ಪ್ರಯತ್ನ ಅಂತರಜಾಲದಷ್ಟೇ ಹಳೆಯದು. 1973–74ರಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಡ್ಯಾನಿ ಕೋಹೆನ್ ಹಾಗೂ ಅವರ ಸಹೋದ್ಯೋಗಿಗಳು ‘ನೆಟ್‌ವರ್ಕ್ ವಾಯ್ಸ್ ಪ್ರೋಟೊಕಾಲ್’ ಎಂಬ ನಿಯಮಾವಳಿಯನ್ನು ಬಳಸಿ ಧ್ವನಿಯನ್ನು ಕಳುಹಿಸಿದರು. ಜನಸಾಮಾನ್ಯರ ಬಳಕೆಗೆ ಇದು ಬರಲು ಎರಡು ದಶಕಗಳು ಬೇಕಾದವು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಸಂಸ್ಥೆ ‘ಇಂಟರ್ನೆಟ್ ಫೋನ್’ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಚ್.323 ಮಾನಕವೂ, 1999ರಲ್ಲಿ ‘ಸೆಷನ್ ಇನಿಷಿಯೇಷನ್ ಪ್ರೋಟೊಕಾಲ್’ ಅಥವಾ ಎಸ್‌ಐಪಿ ನಿಯಮಾವಳಿಯೂ ಪ್ರಕಟವಾದವು. 2002ರಲ್ಲಿ ಪರಿಷ್ಕೃತಗೊಂಡ ಎಸ್‌ಐಪಿ ಇಂದು ಕಚೇರಿ ದೂರವಾಣಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. 1999ರಲ್ಲಿಯೇ ಮಾರ್ಕ್ ಸ್ಪೆನ್ಸರ್ ಅವರು ‘ಆಸ್ಟರಿಸ್ಕ್’ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದರು. ಇದರಿಂದ ಸಾಧಾರಣ ಗಣಕಯಂತ್ರವೊಂದನ್ನೇ ಕಚೇರಿಯ ದೂರವಾಣಿ ವಿನಿಮಯ ಕೇಂದ್ರವನ್ನಾಗಿ ಮಾಡಿಕೊಳ್ಳುವುದು ಸಣ್ಣ ಸಂಸ್ಥೆಗಳಿಗೂ ಸಾಧ್ಯವಾಯಿತು.

ಇನ್ನೊಂದೆಡೆ ನಿಸ್ತಂತು ಜಾಲದ ಮೊದಲ ಮಾನಕವಾದ 802.11 ಅನ್ನು ಐಇಇಇ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಆರಂಭದ ವೈ-ಫೈ ಎಲ್ಲ ಬಗೆಯ ದತ್ತಾಂಶವನ್ನೂ ಒಂದೇ ಸಮನಾಗಿ ಕಾಣುತ್ತಿತ್ತು. ಧ್ವನಿಗೆ ಆದ್ಯತೆ ನೀಡುವ 802.11ಇ ಮಾನಕವು 2005ರಲ್ಲಿಯೂ, ಒಂದು ಪ್ರಸಾರಕದಿಂದ ಇನ್ನೊಂದಕ್ಕೆ ತ್ವರಿತವಾಗಿ ಸಾಗಲು ನೆರವಾಗುವ 802.11ಆರ್ ಮಾನಕವು 2008ರಲ್ಲಿಯೂ ಬಂದವು. ಈ ಎರಡು ಮಾನಕಗಳ ಬಳಿಕ ವೈ-ಫೈ ದೂರವಾಣಿಯು ನಂಬಿಕೆಗೆ ಅರ್ಹವಾದ ವ್ಯವಸ್ಥೆಯಾಗಿ ಬೆಳೆಯಿತು.

ಕಾರ್ಯವಿಧಾನ

ಹಳೆಯ ದೂರವಾಣಿಯಲ್ಲಿ ಕರೆ ಮುಗಿಯುವವರೆಗೂ ಇಬ್ಬರ ನಡುವೆ ಒಂದು ಮಾರ್ಗ ಮೀಸಲಾಗಿರುತ್ತಿತ್ತು. ಅಂತರಜಾಲ ದೂರವಾಣಿಯಲ್ಲಿ ಅಂಥ ಮೀಸಲು ಮಾರ್ಗವಿಲ್ಲ. ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಮೇಲೂ ವಿಳಾಸ ಬರೆದು, ಅಂಚೆಯ ಲಕೋಟೆಗಳಂತೆ ಒಂದರ ಹಿಂದೊಂದು ಕಳುಹಿಸಲಾಗುತ್ತದೆ. ಈ ಲಕೋಟೆಗಳಿಗೆ ‘ಪ್ಯಾಕೆಟ್’ ಎಂದು ಹೆಸರು. ಧ್ವನಿಯನ್ನು ಅಂಕೆಗಳನ್ನಾಗಿಸಿ ಮತ್ತೆ ಧ್ವನಿಯನ್ನಾಗಿಸುವ ವಿಧಾನವೇ ‘ಕೊಡೆಕ್’.

ಬಹುಕಾಲದಿಂದ ಬಳಕೆಯಲ್ಲಿರುವ ಜಿ.711 ಕೊಡೆಕ್, ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಹೀಗಾಗಿ ಧ್ವನಿಯೊಂದಕ್ಕೇ ಸೆಕೆಂಡಿಗೆ 64 ಕಿಲೋಬಿಟ್ ಬೇಕಾಗುತ್ತದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಧ್ವನಿಗೆ ಒಂದು ಪ್ಯಾಕೆಟ್‌ನಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಪ್ರತಿ ಪ್ಯಾಕೆಟ್‌ನಲ್ಲಿ 160 ಬೈಟ್ ಧ್ವನಿಯೂ 40 ಬೈಟ್ ವಿಳಾಸಾದಿ ವಿವರಗಳೂ ಇರುವುದರಿಂದ ಒಂದು ದಿಕ್ಕಿಗೆ ತಗಲುವ ಒಟ್ಟು ಪ್ರಮಾಣ ಸೆಕೆಂಡಿಗೆ 80 ಕಿಲೋಬಿಟ್ ಆಗುತ್ತದೆ. ಜಿ.729 ಕೊಡೆಕ್ ಧ್ವನಿಯನ್ನು 8 ಕಿಲೋಬಿಟ್‌ಗೆ ಇಳಿಸುತ್ತದೆಯಾದರೂ ವಿಳಾಸದ ಭಾರ ಕಡಿಮೆಯಾಗದು. 2012ರಲ್ಲಿ ಮಾನಕವಾದ ‘ಓಪಸ್’ ಕೊಡೆಕ್ ಜಾಲದ ಸ್ಥಿತಿಗೆ ಅನುಗುಣವಾಗಿ ತನ್ನ ಪ್ರಮಾಣವನ್ನು ಹೊಂದಿಸಿಕೊಳ್ಳಬಲ್ಲದು.

ಕರೆಯ ಗುಣಮಟ್ಟವನ್ನು ಕೆಡಿಸುವ ಸಂಗತಿಗಳು ಮೂರು. ಮೊದಲನೆಯದು ವಿಳಂಬ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮಾತು ಬಾಯಿಂದ ಹೊರಟು ಇನ್ನೊಬ್ಬರ ಕಿವಿ ಮುಟ್ಟಲು 150 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಂಭಾಷಣೆಗೆ ತೊಡಕಿಲ್ಲ. 400 ಮಿಲಿಸೆಕೆಂಡನ್ನು ಮೀರುವ ವಿಳಂಬ ಸಾಮಾನ್ಯ ಬಳಕೆಗೆ ಒಪ್ಪತಕ್ಕದ್ದಲ್ಲ. ಎರಡನೆಯದು ‘ಜಿಟರ್’, ಅಂದರೆ ಪ್ಯಾಕೆಟ್‌ಗಳು ಸಮನಾದ ಅಂತರದಲ್ಲಿ ಬಾರದೆ ಕೆಲವು ಬೇಗ, ಕೆಲವು ತಡವಾಗಿ ಬರುವುದು. ಮೂರನೆಯದು ನಷ್ಟ, ಅಂದರೆ ಕೆಲವು ಪ್ಯಾಕೆಟ್‌ಗಳು ಬಾರದೇ ಹೋಗುವುದು. ಕಡತವನ್ನು ಇಳಿಸಿಕೊಳ್ಳುವಾಗ ಕಳೆದುಹೋದ ಭಾಗವನ್ನು ಮತ್ತೊಮ್ಮೆ ಕೇಳಿ ಪಡೆಯಬಹುದು. ಸಂಭಾಷಣೆಯಲ್ಲಿ ಅದಕ್ಕೆ ಕಾಲಾವಕಾಶವಿಲ್ಲ, ಅಕ್ಷರಗಳು ನುಂಗಿಹೋಗುತ್ತವೆ.

ವೈ-ಫೈಯ ವಿಶೇಷ ತೊಡಕು

ತಂತಿಯ ಜಾಲದಲ್ಲಿ ಪ್ರತಿ ಉಪಕರಣಕ್ಕೂ ತನ್ನದೇ ದಾರಿ ಇರುತ್ತದೆ. ವೈ-ಫೈಯಲ್ಲಿ ಒಂದು ಚಾನೆಲ್ಲಿನಲ್ಲಿರುವ ಉಪಕರಣಗಳೆಲ್ಲವೂ ಒಂದೇ ಆಕಾಶವನ್ನು ಹಂಚಿಕೊಳ್ಳಬೇಕು. ತರಗತಿಯಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಕಾಯುವಂತೆ ಇಲ್ಲಿಯೂ ಪ್ರತಿ ಉಪಕರಣವು ಮೌನವನ್ನು ಗಮನಿಸಿ ತನ್ನ ಸರದಿಯನ್ನು ಪಡೆಯಬೇಕು. ಕಳುಹಿಸಿದ ಪ್ರತಿ ಪ್ಯಾಕೆಟ್‌ಗೂ ಸ್ವೀಕೃತಿಯನ್ನು ಪಡೆಯಬೇಕು. ಪ್ಯಾಕೆಟ್ ಚಿಕ್ಕದಾದರೂ ಕಾಯುವ ಸಮಯ ಚಿಕ್ಕದಾಗುವುದಿಲ್ಲ. ಆದ್ದರಿಂದ ವೇಗವನ್ನು ಕರೆಯ ಪ್ರಮಾಣದಿಂದ ಭಾಗಿಸಿ ಕರೆಗಳ ಸಂಖ್ಯೆಯನ್ನು ಲೆಕ್ಕಹಾಕುವುದು ತಪ್ಪಾಗುತ್ತದೆ. ಸೆಕೆಂಡಿಗೆ 11 ಮೆಗಾಬಿಟ್ ವೇಗದ ಹಳೆಯ 802.11ಬಿ ಪ್ರಸಾರಕವು ಬರಿಯ ಲೆಕ್ಕದಲ್ಲಿ ಅರವತ್ತಕ್ಕೂ ಹೆಚ್ಚು ಜಿ.711 ಕರೆಗಳನ್ನು ಸಾಗಿಸಬೇಕಿತ್ತು. ವಾಸ್ತವದಲ್ಲಿ ಒಂದು ಡಜನ್ ಕರೆಗಳನ್ನು ನಿಭಾಯಿಸುವುದೂ ಅದಕ್ಕೆ ಕಷ್ಟವಾಗಿತ್ತು. ಇಂದಿನ ಪ್ರಸಾರಕಗಳ ಸಾಮರ್ಥ್ಯ ಬಹಳ ಹೆಚ್ಚಾಗಿದ್ದರೂ ತತ್ತ್ವ ಬದಲಾಗಿಲ್ಲ.

ವ್ಯವಸ್ಥೆಯ ಅಂಗಗಳು

ಸಾಮಾನ್ಯ ಕಚೇರಿಯೊಂದರ ವ್ಯವಸ್ಥೆಯಲ್ಲಿ ಈ ಕೆಳಗಿನ ಅಂಗಗಳಿರುತ್ತವೆ.

ಹ್ಯಾಂಡ್‌ಸೆಟ್: ವೈ-ಫೈಗಾಗಿಯೇ ತಯಾರಾದ ದೂರವಾಣಿ, ಅಥವಾ ಸೂಕ್ತ ಅಪ್ಲಿಕೇಶನ್ ಅಳವಡಿಸಿದ ಸ್ಮಾರ್ಟ್‌ಫೋನ್.

ಆಕ್ಸೆಸ್ ಪಾಯಿಂಟ್: ಚಾವಣಿ ಅಥವಾ ಗೋಡೆಯ ಮೇಲೆ ಅಳವಡಿಸುವ ವೈ-ಫೈ ಪ್ರಸಾರಕ. ಹಲವು ಪ್ರಸಾರಕಗಳಿರುವಲ್ಲಿ ಅವುಗಳನ್ನು ಒಟ್ಟಾಗಿ ನಿರ್ವಹಿಸಲು ಒಂದು ನಿಯಂತ್ರಕವೂ ಇರುತ್ತದೆ.

ಸ್ವಿಚ್: ಪ್ರಸಾರಕಗಳನ್ನು ತಂತಿಯ ಜಾಲಕ್ಕೆ ಜೋಡಿಸುವ ಸಾಧನ. ದತ್ತಾಂಶದ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಒದಗಿಸುವ ಸ್ವಿಚ್ ಬಳಸಿದರೆ ಚಾವಣಿಯ ಬಳಿ ಪ್ರತ್ಯೇಕ ವಿದ್ಯುತ್ ಸಂಪರ್ಕ ಬೇಕಾಗುವುದಿಲ್ಲ.

ಐಪಿ ಪಿಬಿಎಕ್ಸ್: ಎಕ್ಸ್‌ಟೆನ್ಶನ್ ಸಂಖ್ಯೆಗಳನ್ನು ನೀಡಿ ಕರೆಗಳನ್ನು ಜೋಡಿಸುವ ವಿನಿಮಯ ವ್ಯವಸ್ಥೆ. ಇದು ಕಚೇರಿಯಲ್ಲಿಯೇ ಇರಬಹುದು, ಇಲ್ಲವೇ ಸೇವಾದಾರರ ದೂರದ ಸರ್ವರಿನಲ್ಲಿರಬಹುದು.

ಹೊರಸಂಪರ್ಕ: ಸಾರ್ವಜನಿಕ ದೂರವಾಣಿ ಜಾಲಕ್ಕೆ ಕರೆಗಳನ್ನು ಒಯ್ಯುವ ಎಸ್‌ಐಪಿ ಟ್ರಂಕ್, ಅಥವಾ ಸ್ಥಿರ ದೂರವಾಣಿಯ ತಂತಿಗಳನ್ನು ಜೋಡಿಸುವ ಗೇಟ್‌ವೇ.

ಸ್ಥಾಪನೆಯ ಹಂತಗಳು

ಅಗತ್ಯದ ಅಂದಾಜು

ಕಚೇರಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ ಏಕಕಾಲದಲ್ಲಿ ಎಷ್ಟು ಜನ ಮಾತನಾಡುತ್ತಾರೆ ಎಂಬುದು ಮುಖ್ಯ. ಅತ್ಯಂತ ಬಿಡುವಿಲ್ಲದ ಗಂಟೆಯಲ್ಲಿ 20 ಹೊರಕರೆಗಳು ಏಕಕಾಲಕ್ಕೆ ನಡೆಯುತ್ತವೆ ಎಂದು ಭಾವಿಸಿದರೆ, ಜಿ.711 ಕೊಡೆಕ್‌ನಲ್ಲಿ ಪ್ರತಿ ದಿಕ್ಕಿಗೂ ಸೆಕೆಂಡಿಗೆ 1,600 ಕಿಲೋಬಿಟ್, ಅಂದರೆ 1.6 ಮೆಗಾಬಿಟ್ ಬೇಕು. ಇಂದಿನ ಸಂಪರ್ಕಗಳಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಅಂತರಜಾಲ ಸಂಪರ್ಕದ ಇಳಿವೇಗಕ್ಕಿಂತ ಏರುವೇಗ ಕಡಿಮೆಯಿರುವ ಕಡೆ ಏರುವೇಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಎದುರಿನವರ ಮಾತು ನಮಗೆ ಸ್ಪಷ್ಟವಾಗಿಯೂ ನಮ್ಮ ಮಾತು ಅವರಿಗೆ ತುಂಡುತುಂಡಾಗಿಯೂ ಕೇಳುತ್ತದೆ.

ಸ್ಥಳ ಸಮೀಕ್ಷೆ

ಪ್ರಸಾರಕಗಳನ್ನು ಎಲ್ಲಿ ಅಳವಡಿಸಬೇಕೆಂಬುದನ್ನು ನಕ್ಷೆ ನೋಡಿ ಮಾತ್ರ ನಿರ್ಧರಿಸಲಾಗದು; ಕಟ್ಟಡದಲ್ಲಿ ನಡೆದಾಡಿ ತರಂಗದ ಬಲವನ್ನು ಅಳೆಯಬೇಕು. ಧ್ವನಿಗೆ ಎಲ್ಲೆಡೆಯೂ ಕನಿಷ್ಠ ಮೈನಸ್ 67 ಡಿಬಿಎಂ ಬಲವಿರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಗೆ ಬಂದಿರುವ ಅಳತೆ. ದಪ್ಪ ಕಲ್ಲಿನ ಗೋಡೆ, ಕಾಂಕ್ರೀಟು, ಲಿಫ್ಟಿನ ಲೋಹದ ಪೆಟ್ಟಿಗೆ, ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಸೀಸದ ಹಾಳೆ ಇವು ತರಂಗಗಳನ್ನು ತಡೆಯುತ್ತವೆ. ಉಗ್ರಾಣ ಖಾಲಿಯಿದ್ದಾಗ ನಡೆಸಿದ ಸಮೀಕ್ಷೆ ಅದು ಸರಕಿನಿಂದ ತುಂಬಿದಾಗ ಸುಳ್ಳಾಗಬಹುದು. ನೀರಿನಂಶವಿರುವ ಸರಕು ತರಂಗಗಳನ್ನು ಹೀರಿಕೊಳ್ಳುತ್ತದೆ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳಾಗಿ ಸಾಮಾನ್ಯವಾಗಿ ಬಳಕೆಯಾಗುವುವು 1, 6 ಮತ್ತು 11 ಎಂಬ ಮೂರು ಮಾತ್ರ. ಬ್ಲೂಟೂತ್ ಉಪಕರಣಗಳೂ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಊಟದ ವೇಳೆಯಲ್ಲಷ್ಟೇ ಕರೆಗಳು ಕೆಡುತ್ತಿದ್ದರೆ ಉಪಾಹಾರ ಕೊಠಡಿಯ ಒಲೆಯನ್ನೂ ಪರಿಶೀಲಿಸಬೇಕಾಗುತ್ತದೆ. ಹೆಚ್ಚು ಚಾನೆಲ್‌ಗಳಿರುವ 5 ಗಿಗಾಹರ್ಟ್ಸ್ ಪಟ್ಟಿ ಧ್ವನಿಗೆ ಹೆಚ್ಚು ಸೂಕ್ತ. ಅದರ ತರಂಗಗಳು ಗೋಡೆಗಳನ್ನು ದಾಟುವಲ್ಲಿ ಹೆಚ್ಚು ಕ್ಷೀಣಿಸುವುದರಿಂದ ಪ್ರಸಾರಕಗಳ ಸಂಖ್ಯೆ ಹೆಚ್ಚಬೇಕಾಗುತ್ತದೆ.

ಧ್ವನಿಗೆ ಆದ್ಯತೆ

ಧ್ವನಿಯ ಪ್ಯಾಕೆಟ್‌ಗಳು ಕಡತಗಳ ಸಾಲಿನಲ್ಲಿ ನಿಂತು ಕಾಯದಂತೆ ಅವುಗಳ ಮೇಲೆ ಆದ್ಯತೆಯ ಗುರುತು ಹಾಕಲಾಗುತ್ತದೆ. ಐಪಿ ಜಾಲದಲ್ಲಿ ಈ ಗುರುತಿನ ರೂಢಿಗತ ಮೌಲ್ಯ 46. ವೈ-ಫೈಯ ‘ಡಬ್ಲ್ಯುಎಂಎಂ’ ವ್ಯವಸ್ಥೆ ಸಂಚಾರವನ್ನು ಧ್ವನಿ, ವಿಡಿಯೊ, ಸಾಮಾನ್ಯ, ಹಿನ್ನೆಲೆ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿ ಧ್ವನಿಗೆ ಮೊದಲ ಸರದಿಯನ್ನು ನೀಡುತ್ತದೆ. ಹ್ಯಾಂಡ್‌ಸೆಟ್, ಪ್ರಸಾರಕ, ಸ್ವಿಚ್, ರೂಟರ್ ಈ ನಾಲ್ಕೂ ಗುರುತನ್ನು ಗೌರವಿಸುವಂತೆ ಹೊಂದಿಸಬೇಕು. ಒಂದು ಕೊಂಡಿ ಅದನ್ನು ಕಡೆಗಣಿಸಿದರೂ ಉಳಿದವುಗಳ ಶ್ರಮ ವ್ಯರ್ಥವಾಗುತ್ತದೆ. ಸಾರ್ವಜನಿಕ ಅಂತರಜಾಲದಲ್ಲಿ ಈ ಗುರುತಿಗೆ ಬೆಲೆ ಸಿಗುವ ಭರವಸೆಯಿಲ್ಲ ಎಂಬುದನ್ನೂ ಗಮನಿಸಬೇಕು. ದೂರವಾಣಿಗಳಿಗೆ ಪ್ರತ್ಯೇಕ ಕಾಲ್ಪನಿಕ ಜಾಲವನ್ನು (ವಿಎಲ್ಎಎನ್) ರೂಪಿಸುವುದರಿಂದ ನಿರ್ವಹಣೆಯೂ ಸುರಕ್ಷತೆಯೂ ಸುಲಭವಾಗುತ್ತವೆ.

ಓಡಾಟದ ನಡುವೆ ಕರೆ

ದಾದಿಯೊಬ್ಬರು ಮಾತನಾಡುತ್ತಲೇ ಒಂದು ವಾರ್ಡಿನಿಂದ ಇನ್ನೊಂದಕ್ಕೆ ನಡೆದಾಗ ಹ್ಯಾಂಡ್‌ಸೆಟ್ ಹಳೆಯ ಪ್ರಸಾರಕವನ್ನು ಬಿಟ್ಟು ಹೊಸದನ್ನು ಹಿಡಿಯಬೇಕು. ಇದಕ್ಕಾಗಿ ಅಕ್ಕಪಕ್ಕದ ಪ್ರಸಾರಕಗಳ ವ್ಯಾಪ್ತಿ ಶೇಕಡಾ 15ರಿಂದ 20ರಷ್ಟು ಒಂದರ ಮೇಲೊಂದು ಬೀಳುವಂತೆ ಯೋಜಿಸುವುದು ವಾಡಿಕೆ. ಪ್ರತಿ ಬಾರಿಯೂ ಗುರುತಿನ ಪರಿಶೀಲನೆ ಮೊದಲಿನಿಂದ ನಡೆದರೆ ಮಾತು ಕಡಿದುಹೋಗುವಷ್ಟು ಸಮಯ ಹಿಡಿಯಬಹುದು. 802.11ಆರ್ ಈ ಸಮಯವನ್ನು ಬಹಳಷ್ಟು ತಗ್ಗಿಸುತ್ತದೆ. ಪ್ರಸಾರಕದ ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದು ಇದಕ್ಕೆ ಪರಿಹಾರವಲ್ಲ. ಪ್ರಸಾರಕದ ದನಿ ದೂರದ ಹ್ಯಾಂಡ್‌ಸೆಟ್ಟಿಗೆ ಕೇಳಿದರೂ, ಚಿಕ್ಕ ಬ್ಯಾಟರಿಯ ಹ್ಯಾಂಡ್‌ಸೆಟ್ಟಿನ ದನಿ ಪ್ರಸಾರಕಕ್ಕೆ ತಲುಪುವುದಿಲ್ಲ.

ಪರೀಕ್ಷೆ

ಎಲ್ಲ ಉಪಕರಣಗಳನ್ನೂ ಒಮ್ಮೆಗೇ ಬದಲಾಯಿಸದೆ, ಒಂದು ಮಹಡಿಯಲ್ಲಿ ಅಥವಾ ಒಂದು ವಿಭಾಗದಲ್ಲಿ ಮೊದಲು ಬಳಸಿ ನೋಡುವುದು ಉಚಿತ. ಮೆಟ್ಟಿಲು, ನೆಲಮಾಳಿಗೆ, ಶೌಚಾಲಯದ ಬಳಿ, ವಾಹನ ನಿಲುಗಡೆಯಂಥ ಅಂಚುಗಳಲ್ಲಿ ಕರೆ ನಡೆಯುತ್ತಿರುವಾಗಲೇ ನಡೆದಾಡಬೇಕು. ಜಾಲದ ಮೇಲೆ ಹೆಚ್ಚಿನ ಹೊರೆಯಿರುವ ವೇಳೆಯಲ್ಲಿಯೇ ಪರೀಕ್ಷಿಸಬೇಕು. ಕರೆ ಜೋಡಣೆಯಾಗಿಯೂ ಒಂದು ಕಡೆಯ ಮಾತಷ್ಟೇ ಕೇಳುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಕಚೇರಿಯ ಒಳವಿಳಾಸವು ಹೊರಜಾಲಕ್ಕೆ ತಿಳಿಯದಿರುವುದು ಇದಕ್ಕೆ ಹಲವು ವೇಳೆ ಕಾರಣವಾಗಿರುತ್ತದೆ. ಕೆಲವು ರೂಟರ್‌ಗಳಲ್ಲಿರುವ ‘ಎಸ್‌ಐಪಿ ಎಎಲ್‌ಜಿ’ ಎಂಬ ಸೌಲಭ್ಯವು ಈ ತೊಂದರೆಯನ್ನು ನೀಗಿಸಲೆಂದು ಇದ್ದರೂ ಅನೇಕ ಬಾರಿ ತಾನೇ ತೊಂದರೆಯಾಗುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿ ನೋಡುವುದು ಮೊದಲ ಉಪಾಯ.

ವಿದ್ಯುತ್ ಮತ್ತು ತುರ್ತು ಕರೆ

ಹಳೆಯ ಸ್ಥಿರ ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ 48 ವೋಲ್ಟ್ ಬ್ಯಾಟರಿಗಳಿಂದ ತಂತಿಯ ಮೂಲಕವೇ ಬರುತ್ತಿತ್ತು. ಊರಿನಲ್ಲಿ ವಿದ್ಯುತ್ ಹೋದರೂ ದೂರವಾಣಿ ಜೀವಂತವಾಗಿರುತ್ತಿತ್ತು. ವೈ-ಫೈ ದೂರವಾಣಿ ಹಾಗಲ್ಲ. ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಸಾರಕ, ಸ್ವಿಚ್, ರೂಟರ್, ಪಿಬಿಎಕ್ಸ್ ಇವುಗಳಲ್ಲಿ ಯಾವುದೊಂದು ಆರಿದರೂ ಕರೆ ಹೋಗದು. ಆದ್ದರಿಂದ ಈ ಸರಪಳಿಯ ಪ್ರತಿ ಕೊಂಡಿಗೂ ಯುಪಿಎಸ್ ಆಸರೆ ಬೇಕು. ಸರ್ವರ್ ಕೋಣೆಗೆ ಮಾತ್ರ ಯುಪಿಎಸ್ ಒದಗಿಸಿ ಮಹಡಿಗಳಲ್ಲಿರುವ ಸ್ವಿಚ್‌ಗಳನ್ನು ಮರೆತರೆ ಅದು ನಿಷ್ಪ್ರಯೋಜಕ. ಕೇಬಲ್ಲಿನ ಮೂಲಕ ವಿದ್ಯುತ್ ಪಡೆಯುವ ಪ್ರಸಾರಕಗಳಿದ್ದಲ್ಲಿ ಸ್ವಿಚ್ಚಿಗೆ ಆಸರೆ ಕೊಟ್ಟರೆ ಪ್ರಸಾರಕಕ್ಕೂ ಕೊಟ್ಟಂತಾಗುತ್ತದೆ.

ಎರಡನೆಯ ಪ್ರಶ್ನೆ ಸ್ಥಳದ್ದು. ಸ್ಥಿರ ದೂರವಾಣಿಯ ಸಂಖ್ಯೆಯಿಂದ ವಿಳಾಸ ತಿಳಿಯುತ್ತದೆ. ವೈ-ಫೈ ಹ್ಯಾಂಡ್‌ಸೆಟ್ ಯಾವ ಮಹಡಿಯಲ್ಲಿದೆ ಎಂಬುದು ಸಂಖ್ಯೆಯಿಂದ ತಿಳಿಯದು. ಶಾಖಾ ಕಚೇರಿಯ ಕರೆಗಳು ಬೇರೊಂದು ನಗರದ ಟ್ರಂಕ್ ಮೂಲಕ ಹೊರಹೋಗುವಂತಿದ್ದರೆ ನೆರವಿನ ಕೋರಿಕೆ ಆ ನಗರಕ್ಕೆ ತಲುಪುವ ಅಪಾಯವಿದೆ. ಆಯಾ ಕಟ್ಟಡದಲ್ಲಿಯೇ ಒಂದು ಸ್ಥಳೀಯ ಸಂಪರ್ಕವನ್ನು ಉಳಿಸಿಕೊಂಡು, ತುರ್ತು ಕರೆಗಳನ್ನು ಅದರ ಮೂಲಕವೇ ಕಳುಹಿಸುವಂತೆ ಪಿಬಿಎಕ್ಸ್ ಅನ್ನು ಹೊಂದಿಸುವುದು ಇದಕ್ಕೆ ಪರಿಹಾರ.

ಮೂರನೆಯದು ಸಂಖ್ಯೆ ಒತ್ತುವ ಕ್ರಮ. ಅನೇಕ ಕಚೇರಿಗಳಲ್ಲಿ ಹೊರಗಿನ ಕರೆಗೆ ಮೊದಲು 0 ಅಥವಾ 9 ಒತ್ತಬೇಕಾದ ಪದ್ಧತಿಯಿದೆ. ಇದರ ಅಪಾಯವನ್ನು ಜಗತ್ತಿಗೆ ತೋರಿಸಿದ ಘಟನೆ 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಪಟ್ಟಣದಲ್ಲಿ ನಡೆಯಿತು. ಮೋಟೆಲ್ ಒಂದರ ಕೋಣೆಯಲ್ಲಿ ಕೇರಿ ಹಂಟ್ ಎಂಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯುತ್ತಿದ್ದಾಗ, ಒಂಬತ್ತು ವರ್ಷದ ಮಗಳು ಕೋಣೆಯ ದೂರವಾಣಿಯಿಂದ ತುರ್ತು ಸಂಖ್ಯೆಯಾದ 911ಕ್ಕೆ ನಾಲ್ಕು ಬಾರಿ ಕರೆ ಮಾಡಲು ಯತ್ನಿಸಿದಳು. ಹೊರಗಿನ ಕರೆಗೆ ಮೊದಲು 9 ಒತ್ತಬೇಕೆಂಬುದು ಆಕೆಗೆ ತಿಳಿದಿರಲಿಲ್ಲ; ಒಂದು ಕರೆಯೂ ಹೋಗಲಿಲ್ಲ. ತಾಯಿ ಬದುಕುಳಿಯಲಿಲ್ಲ. ಆಕೆಯ ಹೆಸರಿನಲ್ಲಿಯೇ ರೂಪುಗೊಂಡ ‘ಕೇರಿಯ ಕಾಯಿದೆ’ಗೆ 2018ರ ಫೆಬ್ರುವರಿ 16ರಂದು ಅಲ್ಲಿನ ಅಧ್ಯಕ್ಷರ ಅಂಕಿತ ಬಿದ್ದಿತು. 2020ರ ಫೆಬ್ರುವರಿ 16ರ ನಂತರ ಅಲ್ಲಿ ಅಳವಡಿಸುವ ಬಹುಸಂಪರ್ಕ ದೂರವಾಣಿ ವ್ಯವಸ್ಥೆಗಳಲ್ಲಿ ಯಾವ ಮುನ್ನಂಕಿಯೂ ಇಲ್ಲದೆ 911ಕ್ಕೆ ನೇರವಾಗಿ ಕರೆ ಹೋಗಬೇಕು. ಭಾರತದ ಕಚೇರಿಗಳಿಗೆ ಈ ಕಾಯಿದೆ ಅನ್ವಯಿಸದಿದ್ದರೂ ಅದರ ಪಾಠ ಅನ್ವಯಿಸುತ್ತದೆ. ಯಾರು, ಯಾವ ಹ್ಯಾಂಡ್‌ಸೆಟ್ಟಿನಿಂದ 112 ಒತ್ತಿದರೂ ಕರೆ ನೇರವಾಗಿ ಹೋಗುವಂತೆ ಪಿಬಿಎಕ್ಸ್‌ನಲ್ಲಿ ಹೊಂದಿಸುವುದು ಕೆಲವೇ ನಿಮಿಷಗಳ ಕೆಲಸ.

ಸುರಕ್ಷತೆ

ಗಾಳಿಯಲ್ಲಿ ಹರಡುವ ಕರೆಯನ್ನು ಕಟ್ಟಡದ ಹೊರಗಿರುವವರೂ ಹಿಡಿಯಬಹುದು. ಆದ್ದರಿಂದ ವೈ-ಫೈ ಜಾಲಕ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆ ಅಗತ್ಯ. ಅದಕ್ಕೂ ಹಳೆಯದಾದ ಡಬ್ಲ್ಯುಇಪಿ 2001ರ ವೇಳೆಗೇ ದುರ್ಬಲವೆಂದು ಸಾಬೀತಾಗಿದೆ. ಧ್ವನಿಯನ್ನು ಗೂಢಲಿಪಿಯಲ್ಲಿ ಸಾಗಿಸಲು ‘ಎಸ್‌ಆರ್‌ಟಿಪಿ’ಯನ್ನೂ ಕರೆ ಜೋಡಿಸುವ ಸಂದೇಶಗಳಿಗೆ ‘ಟಿಎಲ್‌ಎಸ್’ ಅನ್ನೂ ಬಳಸಬಹುದು.

ಕದ್ದಾಲಿಕೆಗಿಂತ ಹೆಚ್ಚಾಗಿ ಸಂಸ್ಥೆಗಳಿಗೆ ನಷ್ಟ ತರುವುದು ಕರೆ ವಂಚನೆ. ಅಂತರಜಾಲಕ್ಕೆ ತೆರೆದಿರುವ ಪಿಬಿಎಕ್ಸ್‌ಗಳನ್ನು ವಂಚಕರು ಸ್ವಯಂಚಾಲಿತ ತಂತ್ರಾಂಶಗಳಿಂದ ಹುಡುಕಿ, ಎಕ್ಸ್‌ಟೆನ್ಶನ್‌ಗಳ ಗುಪ್ತಪದಗಳನ್ನು ಊಹಿಸಿ, ರಾತ್ರಿ ಹಾಗೂ ರಜಾದಿನಗಳಲ್ಲಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡುತ್ತಾರೆ. ಎಕ್ಸ್‌ಟೆನ್ಶನ್ ಸಂಖ್ಯೆಯನ್ನೇ ಗುಪ್ತಪದವನ್ನಾಗಿ ಇಡದಿರುವುದು, ಅಗತ್ಯವಿಲ್ಲದವರಿಗೆ ವಿದೇಶಿ ಕರೆಯನ್ನು ತಡೆಹಿಡಿಯುವುದು, ದಿನದ ವೆಚ್ಚಕ್ಕೆ ಮಿತಿ ನಿಗದಿಪಡಿಸುವುದು, ಹ್ಯಾಂಡ್‌ಸೆಟ್ ಕಳೆದುಹೋದ ಕೂಡಲೇ ಅದರ ನೋಂದಣಿಯನ್ನು ರದ್ದುಪಡಿಸುವುದು ಮುಖ್ಯ ಎಚ್ಚರಿಕೆಗಳಾಗಿವೆ.

ಭಾರತದಲ್ಲಿ ನಿಯಮಗಳು

ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಸೀಮಿತ ಅನುಮತಿ ದೊರೆಯಿತು. ಗಣಕಯಂತ್ರದಿಂದ ಗಣಕಯಂತ್ರಕ್ಕೆ ಹಾಗೂ ಗಣಕಯಂತ್ರದಿಂದ ವಿದೇಶದ ದೂರವಾಣಿಗೆ ಕರೆ ಮಾಡಬಹುದಾಗಿತ್ತಾದರೂ ದೇಶದೊಳಗಿನ ಸಾಮಾನ್ಯ ದೂರವಾಣಿ ಸಂಖ್ಯೆಗಳಿಗೆ ಮಾಡುವಂತಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2017ರ ಅಕ್ಟೋಬರ್‌ನಲ್ಲಿ ಶಿಫಾರಸುಗಳನ್ನು ಸಲ್ಲಿಸಿತು. ಅವುಗಳನ್ನು ಆಧರಿಸಿ ದೂರಸಂಪರ್ಕ ಇಲಾಖೆಯು 2018ರ ಜೂನ್‌ನಲ್ಲಿ ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳಿಗೆ ಅಂತರಜಾಲ ದೂರವಾಣಿ ಸೇವೆಯನ್ನು ನೀಡಲು ದಾರಿ ತೆರೆಯಿತು. ತುರ್ತು ಕರೆ ಸೌಲಭ್ಯವನ್ನು ಪ್ರೋತ್ಸಾಹಿಸಬೇಕು, ಆದರೆ ಸದ್ಯಕ್ಕೆ ಕಡ್ಡಾಯಗೊಳಿಸಬಾರದು, ಅದರ ಮಿತಿಗಳನ್ನು ಗ್ರಾಹಕರಿಗೆ ತಿಳಿಸಬೇಕು ಎಂದು ಆ ಶಿಫಾರಸುಗಳಲ್ಲಿ ಹೇಳಲಾಗಿತ್ತು. ಆದುದರಿಂದ ಸೇವಾದಾರರನ್ನು ಆಯ್ಕೆಮಾಡುವಾಗ 112ರ ಸೌಲಭ್ಯವಿದೆಯೇ ಎಂದು ಕೇಳಿ ಲಿಖಿತವಾಗಿ ಪಡೆಯುವುದು ಒಳಿತು.

ಸಂಸ್ಥೆಯೊಂದು ತನ್ನ ಶಾಖೆಗಳ ನಡುವೆ ಖಾಸಗಿ ಜಾಲದಲ್ಲಿ ಮಾತನಾಡಿಕೊಳ್ಳಬಹುದು. ಆದರೆ ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳನ್ನು ಬದಿಗೊತ್ತಿ, ಆ ಖಾಸಗಿ ಜಾಲದ ಮೂಲಕ ಸಾರ್ವಜನಿಕ ದೂರವಾಣಿ ಕರೆಗಳನ್ನು ಊರಿಂದೂರಿಗೆ ಅಥವಾ ದೇಶದಿಂದ ದೇಶಕ್ಕೆ ದಾಟಿಸುವುದು ನಿಷಿದ್ಧ. ಇದಕ್ಕೆ ‘ಟೋಲ್ ಬೈಪಾಸ್’ ಎಂದು ಹೆಸರು. ಬೆಂಗಳೂರಿನಂಥ ನಗರಗಳ ಕರೆ ಕೇಂದ್ರಗಳಿಗೆ ಅನ್ವಯಿಸುತ್ತಿದ್ದ ಇತರ ಸೇವಾದಾರರ ನಿಯಮಗಳನ್ನು 2020ರ ನವೆಂಬರ್ ಹಾಗೂ 2021ರ ಜೂನ್ ತಿಂಗಳುಗಳಲ್ಲಿ ಗಣನೀಯವಾಗಿ ಸಡಿಲಿಸಲಾಯಿತಾದರೂ ಈ ನಿಷೇಧ ಉಳಿಯಿತು.

ಅನುಕೂಲಗಳು ಮತ್ತು ಮಿತಿಗಳು

ಸಿಬ್ಬಂದಿ ಎಲ್ಲಿದ್ದರೂ ಒಂದೇ ಸಂಖ್ಯೆಯಲ್ಲಿ ದೊರೆಯುವುದು, ಒಳಕರೆಗಳಿಗೆ ಶುಲ್ಕವಿಲ್ಲದಿರುವುದು, ಕಚೇರಿ ಸ್ಥಳಾಂತರಗೊಂಡಾಗ ತಂತಿಯನ್ನು ಮತ್ತೆ ಎಳೆಯಬೇಕಾಗದಿರುವುದು ಇದರ ಅನುಕೂಲಗಳು. ಬ್ಯಾಟರಿಯನ್ನು ಪ್ರತಿದಿನ ತುಂಬಬೇಕಾದುದು, ನೆರೆಯ ಜಾಲಗಳ ಅಡಚಣೆ, ಸಮೀಕ್ಷೆ ಹಾಗೂ ಹೆಚ್ಚುವರಿ ಪ್ರಸಾರಕಗಳ ವೆಚ್ಚ ಇದರ ಮಿತಿಗಳು. ಮೇಜನ್ನು ಬಿಟ್ಟು ಏಳದ ಸಿಬ್ಬಂದಿಗೆ ತಂತಿಯ ಐಪಿ ದೂರವಾಣಿಯೇ ಹೆಚ್ಚು ಸ್ಥಿರ ಹಾಗೂ ಮಿತವ್ಯಯಕರ. ಹಲವು ಸಂಸ್ಥೆಗಳು ಎರಡನ್ನೂ ಬೆರೆಸಿ ಬಳಸುತ್ತವೆ: ಮೇಜಿಗೆ ತಂತಿಯದು, ಓಡಾಡುವವರಿಗೆ ನಿಸ್ತಂತುವಿನದು. ಸ್ವಾಗತ ಕೊಠಡಿಯಲ್ಲಿ ಹಳೆಯ ಸ್ಥಿರ ದೂರವಾಣಿಯೊಂದನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ತುರ್ತು ಸಂಖ್ಯೆಗಳನ್ನೂ ಕಟ್ಟಡದ ಪೂರ್ಣ ವಿಳಾಸವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿಡುವ ಕ್ರಮ ಈಗಲೂ ಅನುಸರಣೀಯವಾಗಿದೆ.